ಛತ್ರದ ಬಾವಿಯಲ್ಲಿ ಸಿಕ್ಕ ಕೊಕ್ಕೆಗಳು

ಮೈಸೂರಿನವರಿಗೆ ಒಂದು ಕಾಯಿಲೆ ಇದೆ. ನನಗೂ ಇರುವುದರಿಂದ ಧೈರ್ಯವಾಗಿ ಹೇಳುತ್ತೇನೆ. ಈ ಊರಿನಲ್ಲಿ ಎಲ್ಲಾದರೂ ನೆಲ ಅಗೆಯುವಾಗ ಒಂದು ತುಂಡು ಕಬ್ಬಿಣ ಸಿಕ್ಕಿತೆಂದರೆ ಅದು ಬರೀ ಕಬ್ಬಿಣವಾಗಿರಲು ನಾವು ಬಿಡುವುದಿಲ್ಲ. ಅದು ಸುಲ್ತಾನರ ಕಾಲದ್ದಾಗಬೇಕು, ಇಲ್ಲವೇ ಅರಮನೆಯದಾಗಬೇಕು. ನಮ್ಮ ಹಿಂದಿನ ಬೀದಿಯವರೊಬ್ಬರು ನೀರಿನ ಸಂಪು ತೋಡಿಸುವಾಗ ಸಿಕ್ಕ ಬಾಗಿಲ ಕೀಲೊಂದನ್ನು ಉಜ್ಜಿ, ಎಣ್ಣೆ ಹಚ್ಚಿ, ಷೋಕೇಸಿನಲ್ಲಿ ಮಗಳ ಮದುವೆ ಫೋಟೋದ ಪಕ್ಕ ಇಟ್ಟಿದ್ದಾರೆ. ಮನೆಗೆ ಹೋದವರಿಗೆ ಮೊದಲು ಕೀಲು ತೋರಿಸುತ್ತಾರೆ, ಆಮೇಲೆ ಕಾಫಿ ಕೊಡುತ್ತಾರೆ.

ನಾನು ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳಿ ನಿವೃತ್ತಳಾದವಳು. ಮನೆ ನಜರ್‌ಬಾದಿನಲ್ಲಿ. ಎಂಬತ್ತು ದಾಟಿದ ಅವ್ವ ನನ್ನ ಜೊತೆಗಿದ್ದಾಳೆ. ಸರಿಯಾಗಿ ಹೇಳಬೇಕೆಂದರೆ ನಾನೇ ಅವಳ ಜೊತೆಗಿದ್ದೇನೆ, ಏಕೆಂದರೆ ಮನೆಯಲ್ಲಿ ನಡೆಯುವುದು ಅವಳ ಮಾತು. ಇಲವಾಲದ ಕಡೆಯ ಹಳ್ಳಿಯೊಂದರಿಂದ ಮದುವೆಯಾಗಿ ಈ ಊರಿಗೆ ಬಂದವಳು. ಇಷ್ಟು ಕಾಲ ಸಿಟಿಯಲ್ಲಿದ್ದರೂ ಅವಳ ಮಾತಿನಲ್ಲಿ 'ಹ' ಒಮ್ಮೆ ಇರುತ್ತದೆ, ಒಮ್ಮೆ ಇರುವುದಿಲ್ಲ. ಕನ್ನಡ ಟೀಚರು ಅಂತ ನಾನು ತಿದ್ದಲು ಹೋಗಿ ಚೆನ್ನಾಗಿ ಬೈಸಿಕೊಂಡಿದ್ದೇನೆ.

ನಮ್ಮ ಮನೆಯಿಂದ ಕೂಗಳತೆ ದೂರದಲ್ಲಿ ಒಂದು ಹಳೆಯ ಛತ್ರವಿದೆ. ಸರ್ಕಾರದ ಲೆಕ್ಕದಲ್ಲಿ ಅದು ಪಾರಂಪರಿಕ ಕಟ್ಟಡ. ನೋಡುವವರ ಕಣ್ಣಿಗೆ ಹೆಂಚು ಜಾರಿದ, ಕಲ್ಲುಕಂಬಗಳಿಗೆ ಟ್ಯೂಷನ್ ಪೋಸ್ಟರು ಅಂಟಿಸಿದ ಒಂದು ಉದ್ದನೆಯ ಪಡಸಾಲೆ, ಅಷ್ಟೇ. ಅದರ ಹಿಂದುಗಡೆ ಕಲ್ಲಿನ ಕಟ್ಟೆಯ ಒಂದು ದೊಡ್ಡ ಬಾವಿ. ಒಂದು ಕಾಲಕ್ಕೆ ಆ ಬಾವಿಯ ಸುತ್ತ ಸಾಲುಮನೆಗಳಿದ್ದವು, ಎಲ್ಲರೂ ಅಲ್ಲಿಂದಲೇ ನೀರು ಸೇದುತ್ತಿದ್ದರು. ಈಗ ಆ ಜಾಗದಲ್ಲಿ ಅಪಾರ್ಟ್‌ಮೆಂಟು ಎದ್ದಿದೆ, ಬಾವಿಗೆ ಕಬ್ಬಿಣದ ಜಾಲರಿ ಬಿದ್ದಿದೆ. ಬೆಳಗಿನ ವಾಕಿಂಗಿಗೆ ಬರುವ ನಾವು ಕೆಲವರು ಸೇರಿ ಅದನ್ನು ಶುಚಿ ಮಾಡಿಸಬೇಕೆಂದು ಹೊರಟೆವು. ನಮ್ಮ ಗುಂಪಿಗೆ ಒಬ್ಬ ಅಧ್ಯಕ್ಷರೂ ಇದ್ದಾರೆ, ನಿವೃತ್ತ ಇಂಜಿನಿಯರು. ಅಧ್ಯಕ್ಷರನ್ನಾಗಿ ಯಾರೂ ಆರಿಸಲಿಲ್ಲ, ಅವರೇ ಆದರು. ಆದರೆ ಕಚೇರಿಯಿಂದ ಕಚೇರಿಗೆ ಅಲೆದು ಅನುಮತಿ ತಂದವರೂ ಅವರೇ, ಆದ್ದರಿಂದ ನಾವು ಸುಮ್ಮನಿದ್ದೆವು.

ಹೂಳು ತೆಗೆಯುವವರು ಬಂದರು. ಬಾವಿಯಿಂದ ಮೊದಲು ಮೇಲೆ ಬಂದದ್ದು ಪ್ಲಾಸ್ಟಿಕ್ಕು, ಆಮೇಲೆ ತೆಂಗಿನ ಚಿಪ್ಪು, ಒಂಟಿ ಚಪ್ಪಲಿಗಳು, ಯಾವುದೋ ಕಾಲದ ಗಣಪತಿಗಳ ಒಳಗಿದ್ದ ತಂತಿ, ಒಂದು ಟ್ರೈಸಿಕಲ್ಲಿನ ಚಕ್ರ. ಅದರ ಕೆಳಗೆ ಕಪ್ಪು ಕೆಸರು. ಆ ಕೆಸರಿನ ತಳದಲ್ಲಿ ಇದು ಸಿಕ್ಕಿತು.

ನೀರು ಹೊಯ್ದು ತೊಳೆದ ಮೇಲೆ ಕಂಡದ್ದು ಇಷ್ಟು. ಒಂದು ದಪ್ಪನೆಯ ಬಳೆ. ಆ ಬಳೆಗೆ ಸುತ್ತಲೂ ತೂಗುಬಿದ್ದ ಕಬ್ಬಿಣದ ಕಡ್ಡಿಗಳು. ಒಂದೊಂದರ ತುದಿಯೂ ಮೇಲಕ್ಕೆ ಬಾಗಿ ಕೊಕ್ಕೆಯಾಗಿತ್ತು. ಕೆಲವು ಮುರಿದಿದ್ದವು, ಕೆಲವು ಒಂದಕ್ಕೊಂದು ಅಂಟಿಕೊಂಡಿದ್ದವು. ಎಲ್ಲದರ ಮೇಲೂ ತುಕ್ಕು ಹಪ್ಪಳಗಟ್ಟಿ ನಿಂತಿತ್ತು. ಎತ್ತಿದರೆ ಕೈ ಜಗ್ಗುವಷ್ಟು ಭಾರ. ನೋಡಿದರೆ ಯಾರಿಗಾದರೂ ಸ್ವಲ್ಪ ಹೆದರಿಕೆಯಾಗಬೇಕು, ಹಾಗಿತ್ತು.

ಕಾಯಿಲೆ ಕೂಡಲೇ ಶುರುವಾಯಿತು. "ನಜರ್‌ಬಾದ್ ಅಂದ್ಮೇಲೆ ಇಲ್ಲಿ ಕೋಟೆ ಕೆಲಸ ನಡೆದಿತ್ತು ಕಣ್ರೀ," ಎಂದರು ಅಧ್ಯಕ್ಷರು. "ಇದಕ್ಕೆ ಹಗ್ಗ ಕಟ್ಟಿ ಕೋಟೆಗೋಡೆ ಮೇಲಕ್ಕೆ ಎಸೀತಿದ್ರು. ಕೊಕ್ಕೆ ಕಚ್ಕೊಂಡ್ರೆ ಸೈನಿಕರು ಹತ್ಕೊಂಡು ಹೋಗ್ತಿದ್ರು. ನೋಡಿ, ಎಲ್ಲಾ ಕಡೆಗೂ ಕೊಕ್ಕೆ ಇದೆ, ಹೇಗೆ ಬಿದ್ರೂ ಹಿಡ್ಕೊಳ್ಳತ್ತೆ." ಇಂಜಿನಿಯರಲ್ಲವೆ, ಕೈಯಲ್ಲಿ ಎಸೆದು ತೋರಿಸಿದರು. ಗುಂಪಿನ ಇನ್ನೊಬ್ಬಾಕೆ ಇದು ಅರಮನೆಯ ದೀಪದ ಗುಚ್ಛ ತೂಗುಹಾಕುವುದು ಎಂದರು. ಅವರ ದೊಡ್ಡಪ್ಪ ಅರಮನೆಯಲ್ಲಿದ್ದರಂತೆ, ಆದ್ದರಿಂದ ಅವರಿಗೆ ಎಲ್ಲವೂ ಅರಮನೆಯದೇ. ಮಾರನೆಯ ಬೆಳಗ್ಗೆ ನೋಡಿದರೆ ಅದರ ಮೇಲೆ ಕುಂಕುಮ, ಒಂದು ಸೇವಂತಿಗೆ ಹೂವು. ಬಾವಿಕಟ್ಟೆಯ ಮೇಲೆ ನಿಂತರೆ ಚಾಮುಂಡಿ ಬೆಟ್ಟ ನೇರಕ್ಕೆ ಕಾಣುತ್ತದೆ, ತಾಯಿಯ ಆಯುಧವೇ ಇರಬೇಕು ಎಂದು ಯಾರೋ ತೀರ್ಮಾನಿಸಿದ್ದರು. ಹೀಗೆ ಸೈನಿಕರದೋ ದೇವಿಯದೋ ಎಂಬ ಪ್ರಶ್ನೆ ಮಾತ್ರ ಉಳಿಯಿತು, ಆಯುಧ ಎಂಬುದು ಗಟ್ಟಿಯಾಗಿಹೋಯಿತು.

ಭಾನುವಾರ ಅದನ್ನು ಛತ್ರದ ಪಡಸಾಲೆಯಲ್ಲಿಟ್ಟು ಬಡಾವಣೆಯವರಿಗೆ ತೋರಿಸುವುದೆಂದು ನಿಶ್ಚಯವಾಯಿತು. ಪಕ್ಕದಲ್ಲಿಡುವ ಫಲಕಕ್ಕೆ ನಾಲ್ಕು ಸಾಲು ಬರೆದುಕೊಡುವ ಕೆಲಸ ನನ್ನ ತಲೆಗೆ ಬಂತು. ನಾನು ನಾಲ್ಕು ಸಾಲಿಗೆ ನಿಲ್ಲುವವಳೆ? ವೈರಿಪಡೆ, ಕಗ್ಗತ್ತಲು, ವೀರಯೋಧರ ಉಸಿರು ಎಂದೆಲ್ಲ ಸೇರಿಸಿ ಒಂದು ಪುಟ ತುಂಬಿಸಿದೆ. ಅಧ್ಯಕ್ಷರು ಅದನ್ನು ಗಟ್ಟಿಯಾಗಿ ಓದಿ, ಕನ್ನಡಕ ತೆಗೆದು ಒರೆಸಿಕೊಂಡು, ಮತ್ತೊಮ್ಮೆ ಓದಿದರು. ನನಗೆ ಎರಡು ಕೋಡು ಮೂಡಿದಂತಾಯಿತು.

ಮನೆಗೆ ಬಂದು ಕಾಫಿ ಕುಡಿಯುವಾಗ ಆ ಹುಮ್ಮಸ್ಸಿನಲ್ಲೇ ಅವ್ವನ ಮುಂದೆ ಫೋನು ಹಿಡಿದು ಫೋಟೋ ತೋರಿಸಿದೆ. ಅವಳಿಗೆ ಕಣ್ಣಿನ ಆಪರೇಷನ್ ಆದಮೇಲೆ ನನಗಿಂತ ಚೆನ್ನಾಗಿ ಕಾಣುತ್ತದೆ. ಲೋಟ ಕೆಳಗಿಟ್ಟು ಫೋನನ್ನು ಕೈಗೆ ತೆಗೆದುಕೊಂಡಳು. ಬಹಳ ಹೊತ್ತು ನೋಡಿದಳು.

"ಇದೆಲ್ಲಿತ್ತು?"

"ಛತ್ರದ ಬಾವೀಲಿ ಕಣವ್ವ. ಸುಲ್ತಾನರ ಕಾಲದ ಆಯುಧ."

"ಆಯುಧನಾ," ಎಂದಳು ಅವ್ವ. ನಗಲಿಲ್ಲ. "ಪಾತಾಳಗರಡಿ ಕಣಮ್ಮಿ ಇದು. ಬಾವಿಗೆ ಬಿದ್ದ ಬಿಂದ್ಗೆ ಕೊಡಪಾನ ಎತ್ತೋದು."

ಪಾತಾಳಗರಡಿ. ಪದ ನನಗೆ ಗೊತ್ತಿಲ್ಲದ್ದಲ್ಲ. ಎಷ್ಟೋ ಸಲ ತರಗತಿಯಲ್ಲಿ ಅರ್ಥ ಬರೆಸಿದ್ದೇನೆ: ಬಾವಿಗೆ ಬಿದ್ದ ಪಾತ್ರೆಗಳನ್ನು ತೆಗೆಯಲು ಬಳಸುವ ಕೊಕ್ಕೆಗಳ ಗೊಂಚಲು. ಆದರೆ ನಾನು ಹುಟ್ಟುವ ಹೊತ್ತಿಗೆ ನಮ್ಮ ಮನೆಗೆ ನಲ್ಲಿ ಬಂದಿತ್ತು. ಅರ್ಥ ಬರೆಸಿದ ವಸ್ತುವನ್ನು ಒಂದು ದಿನವೂ ಕಣ್ಣಿನಲ್ಲಿ ಕಂಡಿರಲಿಲ್ಲ. ಈಗ ಕಂಡಾಗ ಅದಕ್ಕೆ ವೀರಯೋಧರ ಉಸಿರು ಅಂಟಿಸಿ ಬಂದಿದ್ದೆ.

ಅಷ್ಟು ಸುಲಭವಾಗಿ ಬಿಟ್ಟುಕೊಡಲು ನನಗೂ ಮನಸ್ಸಾಗಲಿಲ್ಲ. ಒಂದು ಪುಟ ಬರೆದಿದ್ದೆನಲ್ಲ. "ಫೋಟೋ ನೋಡಿ ಹೆಂಗವ್ವ ಹೇಳ್ತೀಯ? ಕೊಕ್ಕೆ ಇರೋದೆಲ್ಲ ಪಾತಾಳಗರಡಿನಾ?" ಎಂದು ವಾದಕ್ಕೆ ನಿಂತೆ. ಅವ್ವ ಫೋನು ವಾಪಸ್ಸು ಕೊಟ್ಟು, "ಮೇಲ್ಗಡೆ ಬಳೆ ಇದೆಯಲ್ಲ, ಅದ್ರ ಒಂದ್ಕಡೆ ಇತ್ತಾಳೆ ಪಟ್ಟಿ ಸುತ್ತವ್ರೆ. ಬಳೆ ಸೀಳ್ಕಂಡಿತ್ತು, ಅದ್ಕೆ ಹಾಕ್ಸಿದ್ರು. ಹೋಗಿ ಉಜ್ಜಿ ನೋಡೋಗು," ಎಂದಳು.

ಅಂದರೆ ಇವಳು ಇಂಥದ್ದೊಂದು ವಸ್ತುವಿನ ಮಾತನ್ನಾಡುತ್ತಿಲ್ಲ, ಇದೇ ವಸ್ತುವಿನ ಮಾತನ್ನಾಡುತ್ತಿದ್ದಾಳೆ ಎಂದು ಆಗ ಹೊಳೆಯಿತು. ಏನೂ ಕೇಳದೆ ಒಂದು ಹಿಡಿ ಹುಣಸೆಹಣ್ಣು, ಹಳೆಯ ಬ್ರಷ್ಷು ತೆಗೆದುಕೊಂಡು ಛತ್ರಕ್ಕೆ ಹೋದೆ. ಬಳೆಯ ಸುತ್ತ ತುಕ್ಕು ಕೆರೆದೆ. ಮುಕ್ಕಾಲು ಸುತ್ತು ಬರೀ ಕಬ್ಬಿಣ. ಉಳಿದ ಕಡೆ ಹಸಿರುಗಟ್ಟಿದ ಏನೋ ಸಿಕ್ಕಿತು. ಹುಣಸೆಹಣ್ಣು ಹಾಕಿ ತಿಕ್ಕುತ್ತ ಹೋದಂತೆ ಹಳದಿ ಬಣ್ಣ ಮೇಲೆ ಬಂತು. ಹಿತ್ತಾಳೆ ಪಟ್ಟಿ, ಅಚ್ಚುಕಟ್ಟಾಗಿ ಬಿಗಿದದ್ದು. ನಾನು ಅಲ್ಲೇ ಬಾವಿಕಟ್ಟೆಯ ಮೇಲೆ ಕುಳಿತುಬಿಟ್ಟೆ.

ಮನೆಗೆ ಬಂದಾಗ ಅವ್ವ ಕುಳಿತಲ್ಲೇ ಇದ್ದಳು, ಕಾಫಿ ಹಾಗೇ ತಣ್ಣಗಾಗಿತ್ತು. "ಇತ್ತಾ?" ಎಂದಳು. "ಇತ್ತು," ಎಂದೆ. ಆಮೇಲೆ ಅವಳು ಹೇಳಿದ್ದನ್ನು ಹೇಳುತ್ತೇನೆ. ನಾನು ಹುಟ್ಟುವುದಕ್ಕೆ ಮೊದಲಿನ ಕತೆ. ಅವಳ ಬಾಯಿಂದ ಅಂದಿನವರೆಗೆ ನಾನು ಕೇಳಿರಲಿಲ್ಲ.

ಮದುವೆಯಾಗಿ ಅವ್ವ ಮೊದಲು ಬಂದು ಸೇರಿದ್ದು ಆ ಛತ್ರದ ಹಿಂದಿನ ಸಾಲುಮನೆಯೊಂದಕ್ಕೆ. ಅವಳ ಹಳ್ಳಿಯಲ್ಲಿ ಕೆರೆ ಇತ್ತು, ಇಳಿದು ಬಿಂದಿಗೆ ಮುಳುಗಿಸಿದರೆ ಆಯಿತು. ರಾಟೆ, ಹಗ್ಗ, ಆಳದ ಬಾವಿ ಅವಳಿಗೆ ಹೊಸತು. ನನ್ನ ಅಜ್ಜಿ, ಅಂದರೆ ಅವ್ವನ ಅತ್ತೆ, ನಾನು ಕಂಡಾಗ ಮೆತ್ತಗಾಗಿದ್ದರು. ಆಗ ಖಾರವಾಗಿದ್ದರಂತೆ. ಹಳ್ಳಿ ಹುಡುಗಿಗೆ ಒಂದು ಗಂಟು ಹಾಕಲೂ ಬರುವುದಿಲ್ಲ ಎಂದು ಬಂದವರೆದುರು ಆಡಿಕೊಳ್ಳುತ್ತಿದ್ದರಂತೆ. ಆ ಅತ್ತೆ ಒಂದು ದಿನ ಬೆಳಗ್ಗೆ ಬೆಟ್ಟಕ್ಕೆ ಹೋಗಿದ್ದಾಗ ಅವ್ವ ಕಟ್ಟಿದ ಗಂಟು ಬಿಚ್ಚಿಕೊಂಡು, ಮನೆಯ ತಾಮ್ರದ ಕೊಡಪಾನ ಬಾವಿಗೆ ಬಿತ್ತು. ಅತ್ತೆ ವಾಪಸ್ಸು ಬರುವುದರೊಳಗೆ ಅದು ಮೇಲೆ ಬರಬೇಕಿತ್ತು.

ಇಡೀ ಸಾಲಿಗೆ ಪಾತಾಳಗರಡಿ ಇದ್ದದ್ದು ಒಂದೇ ಮನೆಯಲ್ಲಿ, ಮೂಲೆಯ ದೊಡ್ಡ ಮನೆ. ಅರಮನೆ ನೌಕರಿಯವರದು. ಆ ಮನೆಯಾಕೆಯನ್ನು ಎಲ್ಲರೂ ಅಮ್ಮಾವ್ರು ಎನ್ನುತ್ತಿದ್ದರು. ಪಾತಾಳಗರಡಿ ಕೇಳಲು ಬರಿಗೈಯಲ್ಲಿ ಹೋಗುವಂತಿರಲಿಲ್ಲ, ಅದೊಂದು ಪದ್ಧತಿ. ಕೇಳಲು ಹೋದವರು ತಮ್ಮ ಮನೆಯ ಒಂದು ಪಾತ್ರೆಯನ್ನು ಅಲ್ಲಿ ಈಡಾಗಿ ಇಡಬೇಕು, ಗರಡಿ ಹಿಂದಿರುಗಿಸಿ ಪಾತ್ರೆ ತರಬೇಕು. ನಂಬಿಕೆ ಇಲ್ಲವೆಂದಲ್ಲ. ಪಾತಾಳಕ್ಕೆ ಇಳಿಯುವ ವಸ್ತುವನ್ನು ಬರಿಗೈಗೆ ಕೊಟ್ಟರೆ ಕೊಟ್ಟವರ ಮನೆಯ ಪಾತ್ರೆಗಳೂ ಒಂದೊಂದಾಗಿ ಬಾವಿಯ ದಾರಿ ಹಿಡಿಯುತ್ತವೆ ಎಂದು ಹೆಂಗಸರ ಮಾತು. ಗರಡಿಯೇ ಬಾವಿಗೆ ಹೋಯಿತೋ, ಇಟ್ಟ ಪಾತ್ರೆ ಅವರದಾಯಿತು. ಅದರಲ್ಲಿ ಮಾತಿಲ್ಲ.

ಅತ್ತೆಯ ಮನೆಯ ಪಾತ್ರೆ ಮುಟ್ಟಿದರೆ ಲೆಕ್ಕ ತಪ್ಪಿ ಸಿಕ್ಕಿಬೀಳುತ್ತಾಳೆ. ಅವ್ವನದು ಅಂತ ಇದ್ದದ್ದು ಒಂದೇ ಕಂಚಿನ ಬಟ್ಟಲು. ಅವಳ ತಾಯಿ ಉಣ್ಣುತ್ತಿದ್ದದ್ದು. ಆಕೆ ಮದುವೆಗೆ ಮುಂಚೆಯೇ ತೀರಿಹೋಗಿದ್ದರಿಂದ ತವರಿನಿಂದ ಅವ್ವ ಬೇರೆ ಏನನ್ನೂ ಕೇಳಿರಲಿಲ್ಲ, ಅದೊಂದನ್ನು ಸೀರೆಯ ಮಡಿಕೆಯಲ್ಲಿಟ್ಟುಕೊಂಡು ಬಂದಿದ್ದಳು. ಅದನ್ನೇ ಒಯ್ದು ಅಮ್ಮಾವ್ರ ಜಗಲಿಯ ಮೇಲಿಟ್ಟು ಪಾತಾಳಗರಡಿ ತಂದಳು.

"ಇಳಿಬುಟ್ಟೆ ಕಣಮ್ಮಿ. ಬಾವಿ ತಳದಲ್ಲಿ ಆಡುಸ್ತಾ ಆಡುಸ್ತಾ ಇದ್ರೆ ಟಣ್ ಅಂತು. ಎಳುದ್ರೆ ಭಾರ. ಕೊಡಪಾನದ ಬಾಯಿಗೆ ಕೊಕ್ಕೆ ಕಚ್ಕಂಡಿತ್ತು. ಮ್ಯಾಕೆ ಬಂತಲ್ಲ, ಅದ್ರ ಮುಖ ನೋಡಿ ನಂಗೆ ಹೋದ ಜೀವ ಬಂದಂಗಾಯ್ತು. ಎರಡು ಕೈಯಲ್ಲೂ ಕೊಡಪಾನ ಬಾಚ್ಕಂಡು ಕೊಕ್ಕೆ ಬುಡುಸ್ಬುಟ್ಟೆ. ಹಗ್ಗ ಹಿಡ್ಕಂಡಿರೋರು ಯಾರು? ಸರ್ರಂತ ರಾಟೆ ಮೇಲಿಂದ ಹೋಯ್ತು ನೋಡು, ಹಗ್ಗನೂ ಗರಡಿನೂ."

ಕಳೆದುಕೊಂಡದ್ದನ್ನು ಎತ್ತಿಕೊಂಡ ಖುಷಿಯಲ್ಲಿ, ಎತ್ತಿಕೊಟ್ಟದ್ದನ್ನು ಕೈಬಿಟ್ಟಿದ್ದಳು. ಕೊಡಪಾನ ಒಳಗಿಟ್ಟು, ಅಮ್ಮಾವ್ರ ಮನೆಯ ಕಡೆ ಹೊರಟಾಗ ಅವಳಿಗೆ ಎರಡು ಹೆದರಿಕೆ. ಬಟ್ಟಲು ಹೋಯಿತು ಎಂಬುದೊಂದು. ಸಂಜೆಯೊಳಗೆ ಸಾಲಿಗೆಲ್ಲ ಗೊತ್ತಾಗುತ್ತದೆ, ಅತ್ತೆಯ ಕಿವಿಗೂ ಬೀಳುತ್ತದೆ ಎಂಬುದು ಇನ್ನೊಂದು.

ಅಮ್ಮಾವ್ರು ಜಗಲಿಯಲ್ಲಿ ಅವರೆಕಾಳು ಹಿತುಕುತ್ತ ಕುಳಿತಿದ್ದರು. ಅವ್ವ ಅಳುತ್ತ ಹೇಳಿದ್ದನ್ನು ಪೂರ್ತಿ ಕೇಳಿದರು. ಬೈಯಲಿಲ್ಲ, ಅಯ್ಯೋ ಅನ್ನಲಿಲ್ಲ. ಕೈ ಒರೆಸಿಕೊಂಡು ಒಳಗೆ ಹೋಗಿ ಆ ಕಂಚಿನ ಬಟ್ಟಲನ್ನು ತಂದರು. ಬರಿ ಬಟ್ಟಲು ಕೊಡಬಾರದೆಂದು ಎದುರಿಗಿದ್ದ ಹಿತಕಿದ ಬೇಳೆಯನ್ನೇ ಅದರ ತುಂಬ ಹಾಕಿದರು. "ತವರಿನ ಪಾತ್ರೆ ಈಡಿಗೆ ಇಡಬಾರ್ದು ಕಣೆ. ತಗೊಂಡು ಹೋಗು. ಮೊದ್ಲು ಮುಖ ತೊಳ್ಕೋ," ಎಂದರಂತೆ. ಅಂದು ಸಂಜೆ ಅತ್ತೆ ಬೇಳೆ ಎಲ್ಲಿಂದ ಬಂತೆಂದು ಕೇಳಿದರು. ದೊಡ್ಡ ಮನೆಯಾಕೆ ಕೊಟ್ಟರೆಂದು ತಿಳಿದು, ಸೊಸೆಯ ಬಗ್ಗೆ ಮೊದಲ ಸಲ ಒಂದು ಒಳ್ಳೆಯ ಮಾತು ಆಡಿದರು. ಆ ರಾತ್ರಿಯ ಸಾರು ಹೇಗಿತ್ತೆಂದು ಅವ್ವ ಇವತ್ತಿಗೂ ವರ್ಣಿಸಬಲ್ಲಳು.

ಸ್ವಲ್ಪ ಕಾಲಕ್ಕೇ ಅಪ್ಪನ ಕೆಲಸದ ನಿಮಿತ್ತ ಇವರು ಬೇರೆ ಬಡಾವಣೆಗೆ ಹೋದರು. ಕಮ್ಮಾರನಿಗೆ ಹೇಳಿ ಹೊಸದೊಂದು ಪಾತಾಳಗರಡಿ ಮಾಡಿಸಿ ಅಮ್ಮಾವ್ರಿಗೆ ಕೊಡಬೇಕೆಂದು ಅವ್ವನಿಗೆ ಆಸೆಯಿತ್ತು. ನಾವು ಮತ್ತೆ ಈ ಕಡೆ ಮನೆ ಮಾಡಿಕೊಂಡು ಬಂದು ಅದು ಕೈಗೂಡುವ ಹೊತ್ತಿಗೆ ಸಾಲುಮನೆಗಳನ್ನು ಕೆಡವಿದ್ದರು, ಮೂಲೆಮನೆಯವರೂ ಎಲ್ಲೋ ಹೋಗಿದ್ದರು. ಯಾರನ್ನು ಕೇಳಬೇಕೆಂದು ಅವಳಿಗೆ ತಿಳಿಯಲಿಲ್ಲ.

ಹೇಳಿ ಮುಗಿಸಿ ಅವ್ವ ನನ್ನ ಕೈ ಹಿಡಿದುಕೊಂಡಳು. "ಅವ್ರ ವಸ್ತು ಅವ್ರ ಮನೆಗೆ ಮುಟ್ಟುಸ್ಬೇಕು ಕಣಮ್ಮಿ. ಅಮ್ಮಾವ್ರು ಇರಾಕಿಲ್ಲ ಬುಡು, ನಂಗೇ ಇಷ್ಟು ವಯಸ್ಸಾಯ್ತು. ಅವ್ರ ಮಕ್ಳು ಯಾರಾರ ಇದ್ದಾರು. ಬೀಳ್ಸಿದ್ದು ನಾನು ಅಂತ ನನ್ ಬಾಯಲ್ಲೇ ಹೇಳಿ, ಕೈ ಮುಗ್ದು ಬತ್ತೀನಿ. ಇದೊಂದು ಮಾಡುಸ್ಕೊಡು."

ಅವ್ವ ನನ್ನಿಂದ ಏನನ್ನೂ ಕೇಳುವವಳಲ್ಲ. ಸೀರೆ ತಂದುಕೊಟ್ಟರೂ ಯಾಕೆ ತಂದೆ ಎಂದು ಜಗಳಕ್ಕೆ ಬರುತ್ತಾಳೆ. ಇದನ್ನು ಮಾಡಿಕೊಡದಿದ್ದರೆ ನಾನಿದ್ದು ಏನು ಪ್ರಯೋಜನ ಅನ್ನಿಸಿತು.

ಆದರೆ ಭಾನುವಾರದ ಪ್ರದರ್ಶನಕ್ಕೆ ಎಲ್ಲರಿಗೂ ಹೇಳಿಯಾಗಿತ್ತು. ಫಲಕವೂ ಪ್ರಿಂಟಾಗಿ ಬಂದಿತ್ತು, ದೊಡ್ಡ ಅಕ್ಷರಗಳಲ್ಲಿ ನನ್ನ ವೀರಯೋಧರು. ಮಾರನೆಯ ಬೆಳಗಿನ ವಾಕಿಂಗಿನಲ್ಲಿ ಅಧ್ಯಕ್ಷರನ್ನು ಪಕ್ಕಕ್ಕೆ ಕರೆದು ಅದು ಪಾತಾಳಗರಡಿ ಎಂದೆ. ಅವರು ನಿಂತುಬಿಟ್ಟರು. "ಪಾತಾಳಗರಡಿ," ಎಂದು ತಾವೇ ಒಂದು ಸಲ ಹೇಳಿಕೊಂಡರು. ಅಜ್ಜಿಯ ಮನೆಯ ಅಟ್ಟದ ಮೇಲೆ ಒಂದಿತ್ತು, ಮುಟ್ಟಿದರೆ ಬೈಯುತ್ತಿದ್ದರು ಎಂದು ಅವರಿಗೆ ಆಗ ನೆನಪಾಯಿತು. ಮುಖ ಮಾತ್ರ ಬಾಡಿಹೋಯಿತು. ಪಾಪ, ಆ ಬಾವಿಗಾಗಿ ಎಷ್ಟು ಮೆಟ್ಟಿಲು ಹತ್ತಿ ಇಳಿದಿದ್ದರು. ಒಂದು ಆಯುಧ ಸಿಕ್ಕಿದರೆ ಆ ಜಾಗಕ್ಕೆ ಬೆಲೆ ಬರುತ್ತದೆ ಎಂದು ಆಸೆಪಟ್ಟಿದ್ದರು.

ಅವರಿಗೆ ನಾನು ಅವ್ವನ ಕತೆ ಪೂರ್ತಿ ಹೇಳಿದೆ. ಕೇಳಿದ ಮೇಲೆ ಅವರು ಫೋನು ತೆಗೆದು, ಅನುಮತಿ ಕೊಟ್ಟಿದ್ದ ಅಧಿಕಾರಿಗೆ ಅಲ್ಲಿಂದಲೇ ಕರೆ ಮಾಡಿದರು. ಆ ಕಡೆಯವರು ವಿಷಯ ಕೇಳಿ ಜೋರಾಗಿ ನಕ್ಕದ್ದು ನನಗೂ ಕೇಳಿಸಿತು. ಪಾತಾಳಗರಡಿಯನ್ನು ಇಟ್ಟುಕೊಂಡು ತಾವೇನು ಮಾಡುವುದು, ಯಾರದೋ ಅವರಿಗೆ ಕೊಡಿ, ಒಂದು ಫೋಟೋ ಕಳಿಸಿ ಸಾಕು ಎಂದರಂತೆ.

"ಮೂಲೆಮನೆ, ಅರಮನೆ ನೌಕರಿ ಅಂದ್ರಲ್ಲ," ಎಂದರು ಅಧ್ಯಕ್ಷರು ಫೋನು ಜೇಬಿಗಿಟ್ಟು. "ನಮ್ಮನೆಯವಳ ಕ್ಲಾಸ್‌ಮೇಟ್ ಒಬ್ರು ಆ ಮನೆಯವರೇ. ಸರಸ್ವತಿಪುರದಲ್ಲಿದಾರೆ. ಕೇಳಿ ಹೇಳ್ತೀನಿ ಇರಿ." ಸಂಜೆಗೆ ವಿಳಾಸ ಬಂತು. ಭಾನುವಾರದ ಪ್ರದರ್ಶನವೂ ನಡೆಯಿತು. ನನ್ನ ಫಲಕ ತೆಗೆದುಹಾಕಿ, ಒಂದು ರಟ್ಟಿನ ಮೇಲೆ 'ಪಾತಾಳಗರಡಿ' ಎಂದಷ್ಟೇ ಬರೆದು ಇಟ್ಟರು. ಆಯುಧವೆಂದು ಇಟ್ಟಿದ್ದರೆ ಜನ ಒಂದು ಸಲ ನೋಡಿ ಹೋಗುತ್ತಿದ್ದರೇನೋ. ಈಗ ವಯಸ್ಸಾದ ಹೆಂಗಸರು ಅದರ ಮುಂದೆ ನಿಂತು ತಮ್ಮ ತಮ್ಮ ಬಾವಿಗಳ ಕತೆ ಶುರುಮಾಡಿಕೊಂಡು, ಮಧ್ಯಾಹ್ನದ ಊಟದ ಹೊತ್ತಾದರೂ ಕದಲಲಿಲ್ಲ. ಅಧ್ಯಕ್ಷರು ಕುರ್ಚಿ ತರಿಸಿಹಾಕಿದರು. ಆ ಮನುಷ್ಯನ ಮೇಲೆ ಅಂದಿನಿಂದ ನನಗೆ ಗೌರವ. ತನ್ನ ಕೋಟೆ ಬಿದ್ದುಹೋದರೂ ಬಂದವರಿಗೆ ಕುರ್ಚಿ ಹಾಕಿದರಲ್ಲ.

ಸೋಮವಾರ ಆಟೋದಲ್ಲಿ ಸರಸ್ವತಿಪುರಕ್ಕೆ ಹೋದೆವು. ಅವ್ವ ರೇಷ್ಮೆ ಸೀರೆ ಉಟ್ಟಿದ್ದಳು. ಪಾತಾಳಗರಡಿಯನ್ನು ಹಳೆಯ ಟವೆಲಿನಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡಿದ್ದಳು, ಭಾರ ಎಂದರೂ ನನಗೆ ಕೊಡಲಿಲ್ಲ. ಬಾಗಿಲು ತೆರೆದವರು ಅಮ್ಮಾವ್ರ ಮಗಳು, ಎಪ್ಪತ್ತರ ಆಸುಪಾಸಿನವರು, ಹಣೆಯ ತುಂಬ ಕುಂಕುಮ. ಅಧ್ಯಕ್ಷರ ಮನೆಯಿಂದ ಫೋನು ಹೋಗಿತ್ತು, ನಜರ್‌ಬಾದಿನ ಹಳೆಯ ನೆರೆಯವರು ಬರುತ್ತಾರೆ ಎಂದಷ್ಟೇ. "ಬನ್ನಿ, ಒಳಗ್ಬನ್ನಿ, ಅಮ್ಮನ್ನ ನೋಡಿದೀರಂತೆ," ಎನ್ನುತ್ತ ಅವ್ವನ ಕೈ ಹಿಡಿದು ಸೋಫಾದ ಮೇಲೆ ಕೂರಿಸಿದರು. ಗೋಡೆಯ ಮೇಲೆ ಅಮ್ಮಾವ್ರ ಫೋಟೋ ಇತ್ತು. ಅವ್ವ ಅದನ್ನು ನೋಡಿದವಳೇ ಎದ್ದು ನಿಂತು ಕೈಮುಗಿದಳು. "ಅಂಗೇ ಅವ್ರೆ," ಎಂದಳು ನನಗೆ.

ಆಮೇಲೆ ಟವೆಲು ಬಿಚ್ಚಿದಳು. ಮಗಳು ಬಗ್ಗಿ ನೋಡಿದರು. ಹಿತ್ತಾಳೆ ಪಟ್ಟಿಯ ಮೇಲೆ ಬೆರಳಾಡಿಸಿದರು. ಅವರ ಮುಖದಲ್ಲಿ ನಗು ಬಂತು.

"ಅಯ್ಯೋ, ಅಜ್ಜಿ ಪಾತಾಳಗರಡಿ ಇದು. ಎಲ್ಲಿ ಸಿಕ್ತು? ನಮ್ಮಮ್ಮ ಬಾವಿಗೆ ಹಾಕಿದ್ದಲ್ವೇ ಇದು."

ಅವ್ವ ನನ್ನ ಮುಖ ನೋಡಿದಳು. ನಾನು ಅವರ ಮುಖ ನೋಡಿದೆ. ಅವರು ನಗುನಗುತ್ತಲೇ ಹೇಳಿದರು. ಅದು ಅವರ ಅಜ್ಜಿ, ಅಂದರೆ ಅಮ್ಮಾವ್ರ ಅತ್ತೆ, ಯಾರಿಗೋ ಹೇಳಿಸಿ ಅರಮನೆಯ ಕಮ್ಮಾರರ ಕೈಯಲ್ಲಿ ಮಾಡಿಸಿದ್ದಂತೆ. ಅಜ್ಜಿಗೆ ಅದೆಂದರೆ ಜೀವ. ಒಂದು ದಿನ ಅಮ್ಮ ಅದನ್ನು ಬಾವಿಗೆ ಬೀಳಿಸಿಬಿಟ್ಟರಂತೆ. ಅಜ್ಜಿ ಎಷ್ಟೋ ದಿನ ಅಮ್ಮನ ಜೊತೆ ಮಾತು ಬಿಟ್ಟಿದ್ದರು. ಆಮೇಲೆ ಮಾತಾಡಿದರೂ ಹೋಗಿಬಂದವರ ಮುಂದೆಲ್ಲ ಅದೇ ಮಾತು.

"ನಮ್ಮನೇಲಿ ಅದೊಂದು ತಮಾಷೆ ಆಗ್ಹೋಗಿತ್ತು," ಎಂದರು. "ಅಮ್ಮನ ಕೈಗೆ ಏನಾದ್ರೂ ಕೊಡ್ಬೇಕಾದ್ರೆ ನಾವು ಮಕ್ಕಳೂ ಅಂತಿದ್ವಿ, ಹುಷಾರು, ಬಾವಿಗೆ ಹಾಕ್ಬಿಡ್ತಾರೆ ಅಂತ. ಅಮ್ಮನೂ ನಗ್ತಿದ್ರು. ಕೊನೆಕೊನೆಗೆ ಹಾಸಿಗೆ ಹಿಡ್ದಾಗ ಕೈ ನಡುಗಿ ಲೋಟ ಬಿದ್ರೆ, ನಮ್ಮಣ್ಣ ಆಗ್ಲೂ ಅದನ್ನೇ ಅಂದ. ಆಗ್ಲೂ ನಕ್ಕಿದ್ರು."

ಅವ್ವ ತಿಳಿದುಕೊಂಡಿದ್ದು ದೊಡ್ಡ ಮನೆ, ಒಂದು ಕಬ್ಬಿಣದ ಸಾಮಾನು ಹೋದರೆ ಅವರಿಗೆ ಎಷ್ಟರದು ಎಂದು. ಅಷ್ಟು ವರ್ಷ ಆ ಸಮಾಧಾನದಲ್ಲಿದ್ದಳು. "ಅವ್ರಿಗೂ ಅತ್ತೆ ಇದ್ರಾ ಒಳಗೆ?" ಎಂದಳು ಕೊನೆಗೆ, ಸಣ್ಣ ದನಿಯಲ್ಲಿ. ಅವಳ ಗಲ್ಲದ ಮೇಲೆ ನೀರು ಇಳಿಯುತ್ತಿತ್ತು.

ನಾನು ನೋಡದ ಆ ಹೆಂಗಸಿಗೆ ಆ ಕ್ಷಣದಲ್ಲಿ ನಾನು ಎಷ್ಟು ಋಣಿ ಅನ್ನಿಸಿತು ಎಂದರೆ ಹೇಳಲು ಬರುವುದಿಲ್ಲ. ತಾಯಿಯಿಲ್ಲದ ಒಬ್ಬ ಹುಡುಗಿ ಗಂಡನ ಮನೆಯಲ್ಲಿ ತಲೆಯೆತ್ತಿ ನಿಲ್ಲಲು ಒಂದು ಬಟ್ಟಲು ಬೇಳೆ ಕೊಟ್ಟು ಕಳಿಸಿದವರು, ಗರಡಿ ಹೋದದ್ದರ ಬೈಗುಳವನ್ನು ತಾವು ಇಟ್ಟುಕೊಂಡಿದ್ದರು. ನಾನು ಉಂಡ ಮನೆ, ನಾನು ಕಂಡ ಅಜ್ಜಿಯ ಪ್ರೀತಿ, ಎಲ್ಲದರಲ್ಲೂ ಅವರ ಪಾಲಿದೆ.

ಅವ್ವ ಕಣ್ಣೊರೆಸಿಕೊಂಡು, ಬೆನ್ನು ನೆಟ್ಟಗೆ ಮಾಡಿ, ಮೊದಲಿನಿಂದ ಕೊನೆಯವರೆಗೆ ಹೇಳಿದಳು. ಕೊಡಪಾನ, ಬಟ್ಟಲು, ರಾಟೆಯ ಮೇಲಿಂದ ಹೋದ ಹಗ್ಗ, ಹಿತಕಿದ ಬೇಳೆ, ಏನನ್ನೂ ಬಿಡಲಿಲ್ಲ. "ಅವ್ರ ಕೈ ಗಟ್ಟಿಯಾಗಿತ್ತು ಕಣವ್ವ. ಬೀಳ್ಸಿದ್ದು ನಾನು," ಎಂದಳು. ಮಗಳ ನಗು ನಿಂತುಹೋಗಿತ್ತು. ಅವರು ಎದ್ದು ಮೆಟ್ಟಿಲ ಹತ್ತಿರ ಹೋಗಿ, "ಅಣ್ಣಾ, ಸ್ವಲ್ಪ ಕೆಳಗೆ ಬಾರೋ," ಎಂದು ಕರೆದರು. ಬಿಳಿ ಪಂಚೆಯುಟ್ಟ ವಯಸ್ಸಾದವರೊಬ್ಬರು ಕಟಾಂಜನ ಹಿಡಿದು ಇಳಿದು ಬಂದರು. ತಂಗಿ ಹೇಳಿದ್ದನ್ನು ನಿಂತುಕೊಂಡೇ ಕೇಳಿದರು. ಟೀಪಾಯಿಯ ಮೇಲಿದ್ದ ಪಾತಾಳಗರಡಿಯನ್ನು ನೋಡಿದರು, ಗೋಡೆಯ ಮೇಲಿನ ಫೋಟೋ ನೋಡಲು ಅವರಿಗೆ ಸ್ವಲ್ಪ ಹೊತ್ತು ಬೇಕಾಯಿತು.

"ನಾವೆಲ್ಲ ಅಷ್ಟು ಅಂತಿದ್ವಿ," ಎಂದರು ಅವ್ವನಿಗೆ. "ಅಜ್ಜಿ ಹೋದ್ಮೇಲಾದ್ರೂ ಹೇಳ್ಬೋದಿತ್ತು. ನಮ್ಮಪ್ಪಂಗೂ ಹೇಳ್ಲಿಲ್ಲ. ಯಾಕಮ್ಮ ಹೇಳ್ಲಿಲ್ಲ ಅವ್ರು?"

ಅವ್ವ ಅವರನ್ನೇ ನೋಡಿದಳು. "ನಾನು ಅಳ್ತಾ ನಿಂತಿದ್ನಲ್ಲ ಸ್ವಾಮಿ. 'ಯಾರಿಗೂ ಹೇಳಲ್ಲ, ಹೋಗು' ಅಂದಿದ್ರು," ಎಂದಳು. "ನಿಮ್ಗೂ ಹೇಳ್ನಿಲ್ವಾ?"